ರತ್ನಾ, ಕೊಂದದ್ದು ಆ ಮಿಷನ್ ಅಲ್ಲ

ನಿನ್ನ ಗಂಡನಿಗೆ ನಿದ್ದೆ ಮಾತ್ರೆ ಕೊಟ್ಟವಳು ನಾನು, ರತ್ನಾ. ಅವನು ಸತ್ತ ದಿನ ಆ ಮಾಸ್ಕ್ ಅವನ ಮುಖದ ಮೇಲೆ ಇರಲೇ ಇಲ್ಲ. ಇತ್ತು ಅಂತ ನಿನಗೆ ನಾನು ಹೇಳಿದ್ದು ಸುಳ್ಳು. ಆ ಸುಳ್ಳಿಗೆ ಹತ್ತು ವರ್ಷವಾಯಿತು. ಇಷ್ಟು ವರ್ಷವೂ ನಿನ್ನ ಮನೆಯಲ್ಲಿ ಉಂಡಿದ್ದೇನೆ, ನಿನ್ನಿಂದ ಅಕ್ಕ ಅನ್ನಿಸಿಕೊಂಡಿದ್ದೇನೆ, ಹಬ್ಬಕ್ಕೆ ನಿನ್ನ ಕೈಯಿಂದ ರವಿಕೆ ಬಟ್ಟೆ ತೆಗೆದುಕೊಂಡಿದ್ದೇನೆ.

ನಾನು ಎಂಥ ಬಾಯಿಯವಳು ಅಂತ ಕ್ಯಾಸಂಬಳ್ಳಿ ಸುತ್ತಮುತ್ತ ಎಲ್ಲರಿಗೂ ಗೊತ್ತು. ನಮ್ಮೂರಿನ ಹಾಲಿನ ಡೈರಿಯಲ್ಲಿ ಇಪ್ಪತ್ತು ವರ್ಷ ಹಾಲು ಅಳೆದವಳು. ನೀರು ಬೆರೆಸಿ ತಂದವರನ್ನು ಸಾಲಿನಲ್ಲೇ ನಿಲ್ಲಿಸಿ ಮಾನ ಕಳೆದವಳು. ಅಂಥವಳು ಈ ತಿಂಗಳಲ್ಲಿ ಎರಡು ಸಲ ಚಾಂಪಿಯನ್ ರೀಫ್ಸಿನ ನಿನ್ನ ಮನೆಗೆ ಬಂದೆ—ಹೇಳಿಯೇ ತೀರಬೇಕು ಅಂತಲೇ ಬಂದೆ—ನೀನು ಕೊಟ್ಟ ಕಾಫಿ ಕುಡಿದೆ, ಹಸು ಕರು ಹಾಕಿದ ವಿಷಯ ಮಾತಾಡಿದೆ, ಎದ್ದು ಬಸ್ಸು ಹತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಗಂಡನಾಗುವ ಮೊದಲು ಮುನಿರಾಜು ನನ್ನ ತಮ್ಮ, ನನಗಿಂತ ಆರು ವರ್ಷ ಚಿಕ್ಕವನು. ಅವ್ವ ಹೊಲದ ಕೆಲಸಕ್ಕೆ ಹೋದರೆ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ತಿರುಗಿದವಳು ನಾನು. ಅಪ್ಪ ಚಿನ್ನದ ಗಣಿಯೊಳಗೆ ಇಳಿಯುತ್ತಿದ್ದದ್ದು, ಆ ಧೂಳು ಕುಡಿದು ಎದೆ ಕಲ್ಲಾಗಿ ಹೋದದ್ದು ನಿನಗೂ ಗೊತ್ತು. ನಿನಗೆ ಗೊತ್ತಿಲ್ಲದ್ದು ಅಪ್ಪನ ಕಡೆಯ ಮೂರು ದಿನ. ಆಸ್ಪತ್ರೆಯಲ್ಲಿ ಮೂಗು ಬಾಯಿ ಸೇರಿಸಿ ರಬ್ಬರಿನ ಮಾಸ್ಕ್ ಹಾಕಿದ್ದರು. ಗಣಿ ಕೂಲಿಗಳ ನಮ್ಮ ಲೈನಿನ ಮನೆಗಳಲ್ಲಿ ಆಗ ಒಂದೇ ಮಾತು—ಮಾಸ್ಕ್ ಹಾಕಿದ್ರಾ? ಹಾಗಾದ್ರೆ ಮುಗೀತು ಬಿಡು. ಯಾರೂ ಹುಷಾರಾಗಿ ವಾಪಸ್ ಬಂದದ್ದನ್ನು ನಾವು ನೋಡಿರಲಿಲ್ಲ. ಹತ್ತು ವರ್ಷದ ಮುನಿರಾಜು ಮಂಚದ ಕಾಲು ಹಿಡಿದುಕೊಂಡು, "ಅಪ್ಪನ್ ಮೂತೀಗ್ ಆಕಿರೋದ್ನ ತೆಗೀರಿ" ಅಂತ ಕಿರುಚಿದ್ದ. ನಾನೇ ಅವನನ್ನು ಎಳೆದುಕೊಂಡು ಹೊರಗೆ ಹೋದದ್ದು.

ಇಂಥವನಿಗೆ ಡಾಕ್ಟರು, ಮಲಗಿದಾಗ ಗಾಳಿ ಒತ್ತಿ ಕೊಡುವ ಮಿಷನ್ನಿನ ಮಾಸ್ಕ್ ಬರೆದುಕೊಟ್ಟರು.

ಅವನ ಗೊರಕೆಯನ್ನು ನಾವೆಲ್ಲ ತಮಾಷೆ ಮಾಡುತ್ತಿದ್ದೆವು, ನೆನಪಿದೆಯಾ? ಗಣಿ ಮುಚ್ಚಿದರೂ ಇವನ ಕಲ್ಲು ಅರೆಯುವ ಮಿಲ್ಲು ನಿಂತಿಲ್ಲ ಅಂತ ನಾನೇ ಆಡಿಕೊಂಡಿದ್ದೆ. ರಾತ್ರಿ ವೈಟ್‌ಫೀಲ್ಡ್ ಹತ್ತಿರದ ಗೋದಾಮಿನಲ್ಲಿ ಕಾವಲು, ಬೆಳಗ್ಗೆ ರೈಲು ಹಿಡಿದು ಮನೆಗೆ. ಚಾಂಪಿಯನ್‌ನಲ್ಲಿ ಇಳಿಯಬೇಕಾದವನು ನಿದ್ದೆಯಲ್ಲಿ ಕೊನೆಯ ಸ್ಟೇಷನ್ ಮಾರಿಕುಪ್ಪಂವರೆಗೂ ಹೋಗಿ, ಕಣ್ಣುಜ್ಜಿಕೊಂಡು ನಡೆದು ವಾಪಸ್ ಬರುತ್ತಿದ್ದ. ಮಲಗಿದಾಗ ಉಸಿರು ನಿಂತು ನಿಂತು ಬರುತ್ತದೆ ಅಂತ ಮೊದಲು ಗಮನಿಸಿದವಳು ನೀನು. ಪರೀಕ್ಷೆ ಮಾಡಿಸಲೇಬೇಕು ಅಂತ ಹಟ ಹಿಡಿದವಳೂ ನೀನೇ.

ಪರೀಕ್ಷೆ ಆದ ಮೇಲೆ ಕೋಲಾರದ ಡಾಕ್ಟರ ಹತ್ತಿರ ಅವನ ಜೊತೆ ಹೋದದ್ದು ನಾನು. ನಿನಗೆ ಬಂಗಾರಪೇಟೆಯ ಗಾರ್ಮೆಂಟ್ಸಿನಲ್ಲಿ ಅವತ್ತು ರಜ ಸಿಕ್ಕಿರಲಿಲ್ಲ. ಡಾಕ್ಟರು ಬಿಡಿಸಿ ಬಿಡಿಸಿ ಹೇಳಿದರು. "ಇವರ ಗಂಟಲು ನಿದ್ದೆಯಲ್ಲಿ ಮುಚ್ಚಿಕೊಳ್ಳುತ್ತೆ. ಆಗ ಅರ್ಧ ಎಚ್ಚರವಾಗಿ ಉಸಿರು ಎಳೆದುಕೊಳ್ತಾರೆ, ಹಾಗಾಗಿ ಉಳಿದಿದ್ದಾರೆ. ಕುಡಿಯೋದು ಬೇಡ. ನಿದ್ದೆ ಮಾತ್ರೆ ಅಂತೂ ನನ್ನ ಕೇಳದೆ ಮುಟ್ಟಲೇಬಾರದು—ಆ ಎಚ್ಚರವೂ ಹೋಗಿಬಿಡುತ್ತೆ." ಮಾಸ್ಕ್ ಒಗ್ಗದಿದ್ದರೆ ಸುಮ್ಮನೆ ಕೂರಬೇಡಿ, ವಾಪಸ್ ಬನ್ನಿ, ಬೇರೆ ಅಳತೆಯದು ಕೊಡುತ್ತೇವೆ, ಗಾಳಿಯ ಒತ್ತಡ ಸರಿಮಾಡುತ್ತೇವೆ ಅಂತಲೂ ಹೇಳಿದರು.

ಕೇಳಿಸಿಕೊಂಡೆ, ರತ್ನಾ. ಕೇಳಿಸಿಕೊಂಡು ತಲೆ ಅಲ್ಲಾಡಿಸಿದೆ. ಆದರೆ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಮನೆಗೆ ಬಂದು ನಿನಗೆ ಮಿಷನ್ ಹಾಕುವ ಕ್ರಮ ಹೇಳಿದೆ, ಮಾತ್ರೆಯ ವಿಷಯ ಹೇಳಲೇ ಇಲ್ಲ. ನಮ್ಮ ಮನೆಯಲ್ಲಿ ನಿದ್ದೆ ಮಾತ್ರೆ ನುಂಗುತ್ತಿದ್ದವಳು ನಾನೊಬ್ಬಳೇ. ಹೇಳಿದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ ಅಂತ... ಅಷ್ಟೇ ಇರಬೇಕು ಕಾರಣ.

ನನ್ನ ಗಂಡ ತೀರಿಕೊಂಡ ಮೇಲೆ ನನಗೆ ನಿದ್ದೆ ಹೋಗಿತ್ತು. ರಾಬರ್ಟ್‌ಸನ್‌ಪೇಟೆಯ ಒಬ್ಬ ಡಾಕ್ಟರು ಎರಡು ವಾರಕ್ಕೆ ಅಂತ ಬರೆದುಕೊಟ್ಟ ಮಾತ್ರೆಯನ್ನು ನಾನು ಅಷ್ಟು ಹೊತ್ತಿಗೆ ಎರಡು ವರ್ಷದಿಂದ ನುಂಗುತ್ತಿದ್ದೆ. ಚೀಟಿ ಇಲ್ಲದೆ ಅದನ್ನು ಹೇಗೆ ಸಂಪಾದಿಸಿದೆ ಅನ್ನುವುದೂ ಹೆಮ್ಮೆಪಡುವ ಕಥೆಯಲ್ಲ. ಡೈರಿಯಲ್ಲಿ ನನ್ನದೊಂದು ಮಾತ್ರೆ ತುಂಬಿದ ಬಿಸ್ಕತ್ತಿನ ಡಬ್ಬಿ ಇತ್ತಲ್ಲ—ಜ್ವರಕ್ಕೆ, ತಲೆನೋವಿಗೆ, ಹೊಟ್ಟೆ ಉರಿಗೆ. ಬೆಳಗ್ಗೆ ಹಾಲು ಹಾಕಲು ಬಂದವರು ಕ್ಯಾನು ಇಳಿಸಿ, ಕೈ ಚಾಚುತ್ತಿದ್ದರು. "ಸರೋಜಕ್ಕ ಕೊಟ್ರೆ ಆಯ್ತು, ಡಾಕ್ಟ್ರೂ ಬೇಡ ಏನೂ ಬೇಡ" ಅನ್ನುತ್ತಿದ್ದರು. ಒಬ್ಬರ ಬಿಪಿ ಮಾತ್ರೆ ಮುಗಿದರೆ ಇನ್ನೊಬ್ಬರದು ಕೊಡಿಸುತ್ತಿದ್ದೆ. ನನಗೆ ಅದರ ಸೊಕ್ಕು ಇತ್ತು. ಇತ್ತು, ಯಾಕೆ ಮುಚ್ಚಿಡಲಿ.

ಆ ಮಂಗಳವಾರ ನಿಮಗೆ ಅಂತ ಅವರೆಕಾಯಿ ತಂದಿದ್ದೆ. ನೀನು ಬಂಗಾರಪೇಟೆಗೆ ಹೊರಟು ಹೋಗಿದ್ದೆ, ನಿನ್ನ ಮಗ ಮಂಜು ಕಾಲೇಜಿಗೆ. ಮುನಿರಾಜು ಮಂಚದ ಮೇಲೆ ಕೂತಿದ್ದ. ಕಣ್ಣು ಕೆಂಡ, ಪಕ್ಕದಲ್ಲಿ ಮಾಸ್ಕ್ ಬಿದ್ದಿತ್ತು.

"ಯಾಕ್ಲಾ, ಮಲಗ್ಲಿಲ್ವಾ?"

"ಅದನ್ನ ಆಕೊಂಡ್ರೆ ಅಪ್ಪ ಕಾಣ್ತಾನೆ ಕಣಕ್ಕ. ಉಸ್ರು ಕಟ್ಟಿದಂಗಾಯ್ತದೆ. ರತ್ನ ಬೆಳಿಗ್ಗೆ ಕೈಮುಗುದ್ಬಿಟ್ಟು ಓದ್ಲು, ಇವತ್ತಾದ್ರೂ ಆಕೊಂಡ್ ಮಲಗು ಅಂತ. ಆಯ್ತಾ ಇಲ್ಲ."

ವಾಪಸ್ ಡಾಕ್ಟರ ಹತ್ತಿರ ಹೋಗೋಣ ಅನ್ನಬಹುದಾಗಿತ್ತು. ಕೋಲಾರ ಏನು ಕಾಶಿಯಾ? ನಾನು ಸೊಂಟದ ಚೀಲಕ್ಕೆ ಕೈ ಹಾಕಿದೆ.

"ಅತ್ಲಾಗ್ ಎತ್ತಿಡ್ಲಾ ಅದನ್ನ. ಇದೊಂದ್ ನುಂಗು, ಸತ್ತೋದಂಗೆ ನಿದ್ದೆ ಬತ್ತದೆ."

ಇವೇ ನನ್ನ ಮಾತುಗಳು. ಒಂದಕ್ಷರ ಬಿಟ್ಟಿಲ್ಲ. ಅವನು ಒಮ್ಮೆ ನನ್ನ ಮುಖ ನೋಡಿ, "ಡಾಕ್ಟ್ರು ಬ್ಯಾಡ ಅಂದಿದ್ರಲ್ಲಕ್ಕ" ಅಂದ. ನಾನು ಗದರಿದೆ—"ಅವರು ಎಲ್ಲಾದ್ಕೂ ಅಂಗೇ ಏಳ್ತಾರೆ. ನಾನ್ ಎರಡ್ ವರ್ಷದಿಂದ ತಗೋತಿಲ್ವಾ?" ಚಿಕ್ಕಂದಿನಿಂದ ನನ್ನ ಮಾತು ಮೀರದವನು. ನುಂಗಿದ. ಉಳಿದ ಮಾತ್ರೆಗಳ ಪಟ್ಟಿಯನ್ನೂ ಅವನ ಜೇಬಿಗೆ ಹಾಕಿದೆ, ನಾಳೆ ನಾಡಿದ್ದಿಗೆ ಇರಲಿ ಅಂತ. ಮಾಸ್ಕನ್ನು ಚೀಲಕ್ಕೆ ತುಂಬಿ ಮಿಷನ್ನಿನ ಪಕ್ಕ ಎತ್ತಿಟ್ಟವಳೂ ನಾನೇ.

ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ನಾನು ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಪಾಪ, ಎಷ್ಟು ದಿನದ ನಿದ್ದೆಯೋ ಅಂತ ಖುಷಿಯಾಯಿತು. ಮಧ್ಯೆ ಗೊರಕೆ ನಿಂತಿತು. ಮತ್ತೆ ಗಂಟಲು ಹರಿದುಕೊಂಡ ಹಾಗೆ ಶುರುವಾಯಿತು. ಮತ್ತೆ ನಿಂತಿತು. ನನಗೆ ಕೇಳಿಸಿತು, ರತ್ನಾ. ಇದನ್ನೇ ಡಾಕ್ಟರು ಹೇಳಿದ್ದು ಅಂತ ನೆನಪೂ ಆಯಿತು. ಆದರೂ ಪೇಟೆಯಲ್ಲಿ ಹಸುವಿಗೆ ಹಿಂಡಿ ಕೊಳ್ಳುವುದಿತ್ತು—ಬಾಗಿಲು ಮುಂದಕ್ಕೆಳೆದುಕೊಂಡು ರಾಬರ್ಟ್‌ಸನ್‌ಪೇಟೆಗೆ ಆಟೋ ಹತ್ತಿದೆ.

ಮೂರು ಗಂಟೆಗೆ ಬಂದಾಗ ಮನೆಯಲ್ಲಿ ಸದ್ದಿರಲಿಲ್ಲ. ಮುಟ್ಟಿದೆ. ಮೈ ತಣ್ಣಗಾಗಿತ್ತು, ಉಸಿರಿರಲಿಲ್ಲ. ಮೊದಲು ಏನು ಮಾಡಿದೆ ಗೊತ್ತಾ? ಕೂಗಲಿಲ್ಲ. ಅವನ ಜೇಬಿಗೆ ಕೈ ಹಾಕಿ ಆ ಪಟ್ಟಿ ತೆಗೆದು ರವಿಕೆಯೊಳಗೆ ಇಟ್ಟುಕೊಂಡೆ. ಅದರಲ್ಲಿ ಇನ್ನೊಂದು ಮಾತ್ರೆ ಕಡಿಮೆಯಾಗಿತ್ತು. ನಡುವೆ ಎಚ್ಚರವಾಗಿ, ನಿದ್ದೆ ಸಾಲದು ಅಂತ ನುಂಗಿದ್ದಿರಬೇಕು. ಆಮೇಲೆ ಬಾಯಿ ಬಡಿದುಕೊಂಡೆ. ತಮ್ಮ ಸತ್ತಾಗ ಅಕ್ಕ ಮೊದಲು ತನ್ನನ್ನು ಉಳಿಸಿಕೊಂಡಳು—ಇದಕ್ಕೆ ಯಾವ ಹೆಸರಿಡಲಿ?

ಪಕ್ಕದ ಮನೆಯ ಸೆಲ್ವಿಯಮ್ಮ ಓಡಿ ಬಂದಳು. ಮಿಷನ್ ನೋಡಿದ್ದೇ ಎದೆ ಬಡಿದುಕೊಂಡು, "ಅಯ್ಯಯ್ಯೋ ಕಡವುಳೇ, ದೇವ್ರೇ, ಈ ಮಿಷಿನ್ನೇ ತಾನೇ ಎಳ್ಕೊಂಡ್ ಓಯ್ತು!" ಅಂದಳು. ಅವಳ ಗಂಡನೂ ನಮ್ಮಪ್ಪನ ಹಾಗೆ ಮಾಸ್ಕಿನಲ್ಲೇ ಹೋದವನು. ಬಂದವರೆಲ್ಲ ಅದನ್ನೇ ಅಂದರು. ನಾನು ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. ಸಂಜೆ ನೀನು ಬಂದೆ. ಅಳಲಿಲ್ಲ ನೀನು ಮೊದಲು. ನನ್ನ ಎರಡೂ ಕೈ ಹಿಡಿದುಕೊಂಡು ಕೇಳಿದೆ.

"ಅದನ್ನ ಆಕೊಂಡಿದ್ರಾ ಅಕ್ಕ?"

"ಹೂಂ. ಆಕೊಂಡಿದ್ದ."

"ನಾನೇ... ನಾನೇ ಬೆಳಿಗ್ಗೆ ಬಲವಂತ ಮಾಡಿದ್ದು ಅಕ್ಕ."

ಆಗಲಾದರೂ ಬಾಯಿ ಬಿಡಬಹುದಾಗಿತ್ತು. ನಿನ್ನ ತಲೆ ಎದೆಗೊತ್ತಿಕೊಂಡು, "ನಿನ್ ತಪ್ಪೇನೈತೆ, ಅಣೆಬರ ಬಿಡು" ಅಂದೆ. ಮಾತ್ರೆ ಪಟ್ಟಿ ರವಿಕೆಯೊಳಗೇ ಇತ್ತು. ಮಿಷನ್ನನ್ನು ನಿನ್ನ ಅಣ್ಣಂದಿರು ಗಣಿಯ ಸೈನೈಡ್ ಮಣ್ಣಿನ ದಿಬ್ಬದ ಆಚೆಗೆ ಎಸೆದು ಬಂದರು. ನೀನು ವರ್ಷಗಟ್ಟಲೆ ಮಂಗಳವಾರ ಅನ್ನ ಬಿಟ್ಟೆ. ನಾನೇ ನನ್ನ ಗಂಡನ್ನ ಕೊಂದೆ ಅಂತ ನೀನು ಅತ್ತಾಗಲೆಲ್ಲ ಸಮಾಧಾನ ಮಾಡಿದ್ದು ನಾನು.

ಕೆಲವು ವರ್ಷದ ಮೇಲೆ ನಾನೇ ಒಂದು ಬೆಳಗ್ಗೆ ಡೈರಿಯಲ್ಲಿ ಮಾತ್ರೆಯ ಮಂಪರಿನಲ್ಲಿ ಬಿದ್ದು ಮೊಣಕೈ ಮುರಿದುಕೊಂಡೆ. ಆಗ ಸಿಕ್ಕ ಡಾಕ್ಟರಮ್ಮ ಆ ಮಾತ್ರೆಯನ್ನು ಒಮ್ಮೆಗೇ ಬಿಡಬೇಡಿ ಅಂತ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಿ ಬಿಡಿಸಿದರು. ನಿದ್ದೆ ಬಂದಿರಲಿ ಬಿಡಲಿ ದಿನಾ ಒಂದೇ ಹೊತ್ತಿಗೆ ಏಳಬೇಕು, ಮಧ್ಯಾಹ್ನದ ಮೇಲೆ ಕಾಫಿ ಬೇಡ, ನಿದ್ದೆ ಬರದಿದ್ದರೆ ಹೊರಳಾಡುತ್ತಾ ಬಿದ್ದಿರದೆ ಎದ್ದು ಕೂರಬೇಕು—ಇಷ್ಟೇ ಅವರು ಹೇಳಿದ್ದು. ಕಷ್ಟವಾಯಿತು, ಆದರೆ ನಿದ್ದೆ ಬಂತು. ನನ್ನ ಪಾಪಿ ಕಣ್ಣಿಗೂ ಬಂತು. ಅವರ ಹತ್ತಿರ ಯಾರದೋ ಕಥೆ ಅನ್ನುವ ಹಾಗೆ ಮುನಿರಾಜುವಿನದನ್ನು ಹೇಳಿ ಕೇಳಿದೆ. "ಅದರಿಂದಲೇ ಹೋದರು ಅಂತ ಈಗ ಖಚಿತವಾಗಿ ಹೇಳೋಕಾಗಲ್ಲ, ಹೃದಯಕ್ಕೂ ಏನಾದರೂ ಆಗಿದ್ದಿರಬಹುದು. ಆದರೆ ಆ ಕಾಯಿಲೆಗೆ ಮಾಸ್ಕ್ ಬಿಟ್ಟು ಆ ಮಾತ್ರೆ ಕೊಡೋದು ತುಂಬಾ ಅಪಾಯ" ಅಂದರು. ಆ "ಖಚಿತವಾಗಿ ಹೇಳೋಕಾಗಲ್ಲ" ಅನ್ನುವುದನ್ನು ಹಿಡಿದುಕೊಂಡು ಇನ್ನೂ ನಾಲ್ಕು ವರ್ಷ ಸುಮ್ಮನಿದ್ದೆ. ಡಬ್ಬಿಯನ್ನು ಮಾತ್ರ ಅವತ್ತೇ ಡೈರಿಯಿಂದ ತೆಗೆದೆ. ಕೇಳಿದವರಿಗೆ, ನಿಮ್ಮ ಕಾಯಿಲೆ ನಿಮ್ಮ ಡಾಕ್ಟರಿಗೆ ಹೇಳಿ ಅಂತ ಬೈದು ಕಳಿಸಿದೆ.

ಈಗ ಸುಮ್ಮನಿರುವ ಹಾಗಿಲ್ಲ. ಮಂಜುವಿನ ಟೆಂಪೊ ಹೋದ ತಿಂಗಳು ಕ್ಯಾಸಂಬಳ್ಳಿ ರಸ್ತೆಯಲ್ಲಿ ರಾಗಿ ಹೊಲಕ್ಕೆ ನುಗ್ಗಿತಲ್ಲ, ನಾಯಿ ಅಡ್ಡ ಬಂತು ಅಂತ ಅವನು ನಿನಗೆ ಹೇಳಿದ. ನಾಯಿಯೂ ಇಲ್ಲ ಏನೂ ಇಲ್ಲ. ಹಾಡುಹಗಲಲ್ಲಿ, ತರಕಾರಿ ತುಂಬಿಕೊಂಡು, ಸ್ಟೀರಿಂಗ್ ಹಿಡಿದೇ ನಿದ್ದೆ ಹೋಗಿದ್ದಾನೆ. ಅಪ್ಪನದೇ ಕತ್ತು, ಅಪ್ಪನದೇ ಗೊರಕೆ, ಅಪ್ಪನದೇ ಕಾಯಿಲೆ. ಪರೀಕ್ಷೆ ಆಗಿದೆ, ಮಿಷನ್ ಬರೆದಿದ್ದಾರೆ. "ಗಂಡನ್ನ ತಿಂದಿದ್ದು ಸಾಕು, ಆ ಯಮನ್ನ ಒಸ್ಲು ದಾಟಿಸಲ್ಲ" ಅಂತ ನೀನು ಬಾಗಿಲಿಗೆ ಅಡ್ಡ ನಿಂತೆಯಂತೆ. ನಿನ್ನದೇನು ತಪ್ಪು? ಆ ಮಾತನ್ನು ನಿನ್ನ ಬಾಯಿಗೆ ಹಾಕಿದವಳು ನಾನು.

ಅವನಿಗೆ ಹೇಳಿಬಿಟ್ಟೆ, ರತ್ನಾ. ನಮ್ಮ ಡೈರಿ ಮುಂದೆ ಟೆಂಪೊ ನಿಲ್ಲಿಸಿದ್ದ, ಪಕ್ಕದಲ್ಲಿ ಕೂತು ಎಲ್ಲಾ ಹೇಳಿದೆ. ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಅಂದುಕೊಂಡಿದ್ದೆ. ಅವನು ನನ್ನ ಕಡೆ ತಿರುಗದೆ ಅಂದ—"ನಂಗಲ್ಲತ್ತೆ. ಅಮ್ಮಂಗೆ ಏಳು. ಅವ್ಳು ಅತ್ ವರ್ಷದಿಂದ ತಾನೇ ಕೊಂದೆ ಅಂತ ಸಾಯ್ತಾವ್ಳೆ." ಟೆಂಪೊ ಕೀಯನ್ನು ನನ್ನ ಕೈಗೆ ಕೊಟ್ಟು ಬಸ್ಸಿಗೆ ಹೋದ. ಚಿಕಿತ್ಸೆ ಶುರುವಾಗಿ, ಓಡಿಸಬಹುದು ಅಂತ ಡಾಕ್ಟರು ಹೇಳುವ ತನಕ ಮುಟ್ಟುವುದಿಲ್ಲವಂತೆ.

ನೀನು ಅವತ್ತು ಬೆಳಗ್ಗೆ ಕೈಮುಗಿದು ಹೇಳಿದ ಮಾತು ಸರಿಯಾಗಿತ್ತು. ಅವನನ್ನು ಉಳಿಸಲು ನೋಡಿದವಳು ಆ ಮನೆಯಲ್ಲಿ ನೀನೊಬ್ಬಳೇ. ಇದನ್ನು ಹತ್ತು ವರ್ಷ ನಿನ್ನಿಂದ ಕಿತ್ತಿಟ್ಟುಕೊಂಡಿದ್ದೆ. ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ಅದೂ ನನಗೋಸ್ಕರ ಕೇಳಿದ ಹಾಗಾಗುತ್ತದೆ.

ಮಂಜುವಿಗೆ ಮೊದಮೊದಲು ಉಸಿರು ಕಟ್ಟಿದಂತಾಗಬಹುದು. ಬಿಚ್ಚಿ ಎಸೆಯುವುದು ಬೇಡ. ಹಗಲು ಎಚ್ಚರವಿದ್ದಾಗ ಸ್ವಲ್ಪ ಸ್ವಲ್ಪ ಹೊತ್ತು ಹಾಕಿಕೊಂಡು ಕೂತು ಅಭ್ಯಾಸ ಮಾಡಬೇಕಂತೆ. ಆಗಲೂ ಆಗದಿದ್ದರೆ ಅಳತೆ ಬದಲಾಯಿಸಿಕೊಡುತ್ತಾರೆ, ಬೇರೆ ದಾರಿಗಳೂ ಇವೆಯಂತೆ. ನೀನೇ ಅವನ ಜೊತೆ ಹೋಗಿ ನಿನ್ನ ಕಿವಿಯಿಂದಲೇ ಕೇಳು. ನನ್ನಂಥವರನ್ನು ಕಳಿಸಬೇಡ.

ಭಾನುವಾರ ಬೆಳಗ್ಗೆ ಬರುತ್ತೇನೆ, ಮಂಜುವಿಗೆ ಬರೆದ ಮಿಷನ್ ತೆಗೆದುಕೊಂಡು. ಈ ಕಾಗದದಲ್ಲಿ ಇರುವುದನ್ನೆಲ್ಲ ಸೆಲ್ವಿಯಮ್ಮನಿಗೂ ಲೈನಿನವರಿಗೂ ಕೇಳುವ ಹಾಗೆ ನಿನ್ನ ಬಾಗಿಲಲ್ಲೇ ನಿಂತು ಹೇಳುತ್ತೇನೆ. ನನ್ನನ್ನು ಒಳಗೆ ಕರೆಯಬೇಡ, ರತ್ನಾ. ಮಿಷನ್ ಮಾತ್ರ ಒಳಗೆ ತೆಗೆದುಕೋ.