ಗೆಳತಿಯ ಬ್ಲಾಗನ್ನು ಎರಡೆರಡು ಸಲ ಓದುತ್ತಿದ್ದ ದಿನಗಳು

ನನ್ನ ಗೆಳತಿ ಬ್ಲಾಗಿನಲ್ಲಿ ಹೊಸದೇನಾದರೂ ಹಾಕಿದ ದಿನ ನಾನು ಅದನ್ನು ಎರಡು ಸಲ ಓದುತ್ತಿದ್ದೆ. ಮೊದಲನೆಯ ಸಲ ಎಲ್ಲರ ಹಾಗೆ. ಎರಡನೆಯ ಸಲ ತಪ್ಪು ಹುಡುಕಲಿಕ್ಕೆ. ಒಂದು ಒತ್ತಕ್ಷರ ತಪ್ಪಿದ್ದು ಕಣ್ಣಿಗೆ ಬಿದ್ದರೂ ಆವತ್ತಿನ ಕಾಫಿ ರುಚಿಯಾಗುತ್ತಿತ್ತು. ಬರೆಯಲು ನಾಚಿಕೆಯಾಗುತ್ತದೆ. ಆದರೆ ಇದನ್ನು ಬಿಟ್ಟು ಉಳಿದದ್ದನ್ನಷ್ಟೇ ಹೇಳಿದರೆ ಸುಳ್ಳು ಹೇಳಿದ ಹಾಗೆ.

ನಾವಿಬ್ಬರೂ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಒಟ್ಟಿಗೆ ಎಂ.ಎ. ಓದಿದವರು. ಅವಳು ಶಿವಮೊಗ್ಗದ ಬಸ್ಸಿನಲ್ಲಿ, ನಾನು ಭದ್ರಾವತಿಯ ಬಸ್ಸಿನಲ್ಲಿ ಬಂದಿಳಿಯುತ್ತಿದ್ದೆವು. ಆಗ ಬರೆಯುವವಳು ಅಂದರೆ ನಾನು. ನನ್ನ ಪ್ರಬಂಧಗಳನ್ನು ಮೇಷ್ಟ್ರು ತರಗತಿಯಲ್ಲಿ ಓದಿಸುತ್ತಿದ್ದರು. ಅವಳು ಪರೀಕ್ಷೆಗೆ ಮುಂಚೆ ನನ್ನ ನೋಟ್ಸ್ ಜೆರಾಕ್ಸ್ ಮಾಡಿಸಿಕೊಳ್ಳುತ್ತಿದ್ದಳು.

ಈಗ ಅವಳು ಶಿವಮೊಗ್ಗದಲ್ಲಿ ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತಾಳೆ. ಗಿರಾಕಿಗಳೇ ತಮ್ಮ ಮನೆಯ ಸೀರೆಗಳನ್ನು ತಂದುಕೊಡುತ್ತಾರೆ. ನಾನು ಭದ್ರಾವತಿಯ ಕಾಗದನಗರದ ಹತ್ತಿರದ ನಮ್ಮ ಮನೆಯಲ್ಲಿ ಕೈಯಿಂದ ಹೊಲಿದ ನೋಟ್‌ಬುಕ್ಕು ಮಾಡುತ್ತೇನೆ, ಬಟ್ಟೆಯ ರಟ್ಟಿನವು. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಯಾರೋ ಹೇಳಿದ್ದರು, ಸಣ್ಣ ವ್ಯಾಪಾರಕ್ಕೆ ಬ್ಲಾಗ್ ಬೇಕೇ ಬೇಕು ಅಂತ. ಇಬ್ಬರೂ ಶುರುಮಾಡಿದೆವು.

ಅವಳ ಮೊದಲ ಬರಹದ ಹೆಸರು ‘ಅತ್ತೆಯ ಸೀರೆಗೆ ಕತ್ತರಿ ಹಾಕಬಹುದಾ?’ ಒಬ್ಬ ಗಿರಾಕಿ ಅಂಗಡಿಯಲ್ಲಿ ಕೇಳಿದ ಪ್ರಶ್ನೆಯಂತೆ. ಅದರ ಕೆಳಗೆ ಜನ ಜಗಳಕ್ಕೆ ಬಿದ್ದಂತೆ ಬರೆದರು. ಆಮೇಲೆ ‘ಸೀರೆಯ ಸೆರಗು ಯಾಕೆ ಬೇಗ ಹಳೆಯದಾಗುವುದಿಲ್ಲ’ ಅಂತ ಇನ್ನೊಂದು. ಆಯನೂರಿನಲ್ಲಿರುವ ನನ್ನ ಚಿಕ್ಕಮ್ಮ ನನಗೇ ಫೋನ್ ಮಾಡಿ, “ನಿನ್ನ ಫ್ರೆಂಡ್ ಎಷ್ಟು ಚಂದ ಬರೀತಾಳಲ್ಲೇ, ನೀನೂ ಹಾಗೆ ಬರಿ” ಅಂದರು. ಚಿಕ್ಕಮ್ಮನ ಜೊತೆ ಒಂದು ವಾರ ಮಾತಾಡಲಿಲ್ಲ.

ನಾನು ಐಡಿಯಾಗಳನ್ನು ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಿದ್ದೆ. ಕರಕುಶಲ ವ್ಯಾಪಾರದವರು ಬರೆಯಬೇಕಾದ ಐವತ್ತು ವಿಷಯಗಳು, ವರ್ಷಕ್ಕಾಗುವಷ್ಟು ವಿಷಯಗಳು, ಅಂಥವು. ಅವುಗಳಿಂದ ಆರಿಸಿ ‘ಹಬ್ಬದ ಉಡುಗೊರೆಗೆ ನೋಟ್‌ಬುಕ್ಕೇ ಯಾಕೆ’, ‘ಬೆಳಿಗ್ಗೆ ಎದ್ದು ಮೂರು ಸಾಲು ಬರೆಯಿರಿ’ ಅಂತೆಲ್ಲ ಬರೆದೆ. ನಾನೇ ಒಂದು ದಿನವೂ ಬೆಳಿಗ್ಗೆ ಎದ್ದು ಮೂರು ಸಾಲು ಬರೆದವಳಲ್ಲ. ಕಡೆಯವರೆಗೂ ಓದುತ್ತಿದ್ದವರು ನಮ್ಮಪ್ಪ ಒಬ್ಬರೇ. ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ಓದಿ, “ಹೂಂ, ಚೆನ್ನಾಗಿದೆ” ಅನ್ನುತ್ತಿದ್ದರು. ಆ ‘ಹೂಂ’ನಲ್ಲೇ ಎಲ್ಲ ಗೊತ್ತಾಗುತ್ತಿತ್ತು.

ಅಪ್ಪ ಕಾಗದದ ಕಾರ್ಖಾನೆಯಲ್ಲಿ ಮೆಷಿನ್ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಮಾತು ಕಡಿಮೆ. ನಾನು ಹಾಳೆ ಮಡಚಿ ಹೊಲಿಯುವಾಗ ಕಿಟಕಿಯ ಪಕ್ಕ ಪೇಪರ್ ಓದುತ್ತ ಕೂತಿರುತ್ತಿದ್ದರು, ಅಷ್ಟೇ.

ಒಂದು ಭಾನುವಾರ ಗೆಳತಿ ನಮ್ಮ ಮನೆಗೆ ಬಂದಳು. ಕೌದಿ ಹೊಲಿದು ಉಳಿದ ಸೀರೆಯ ತುಂಡುಗಳ ಚೀಲ ಹೊತ್ತು ತಂದಿದ್ದಳು, ನನ್ನ ರಟ್ಟುಗಳಿಗೆ ಆದೀತು ಅಂತ. “ಎಸೆಯೋಕೆ ಮನಸ್ಸು ಬರಲಿಲ್ಲ ಮಾರಾಯ್ತಿ, ನಿನ್ನ ನೆನಪಾಯ್ತು” ಅಂದಳು. ತುಂಡುಗಳು ಬಹಳ ಚೆನ್ನಾಗಿದ್ದವು. ಅವು ಚೆನ್ನಾಗಿದ್ದದ್ದಕ್ಕೂ ನನಗೆ ಸಿಟ್ಟು ಬಂತು.

ನಾನು ಅಡುಗೆಮನೆಯಲ್ಲಿ ಅವಲಕ್ಕಿ ಕಲಸುತ್ತಿದ್ದೆ. ಹೊರಗೆ ಅವಳು ಅಪ್ಪನನ್ನು ಕೇಳುವುದು ಕೇಳಿಸಿತು: “ಅಂಕಲ್, ಮೆಷಿನ್ನಿನಲ್ಲಿ ಕಾಗದ ಹರಿದು ಹೋದರೆ ಹೇಗೆ ಗೊತ್ತಾಗ್ತಿತ್ತು?”

ಅಪ್ಪ ಉತ್ತರ ಕೊಟ್ಟರು. ಒಂದು ಮಾತಿನ ಉತ್ತರವಲ್ಲ. ಹರಿಯುವುದಕ್ಕೆ ಸ್ವಲ್ಪ ಮುಂಚೆ ಮೆಷಿನ್ನಿನ ಸದ್ದು ಬದಲಾಗುತ್ತಿತ್ತಂತೆ, ಹೊಸಬರಿಗೆ ಅದು ಕೇಳಿಸುತ್ತಿರಲಿಲ್ಲವಂತೆ. ಜೊತೆಗಿದ್ದ ತಮಿಳಿನವರೊಬ್ಬರು ಆ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುತ್ತಿದ್ದರಂತೆ. ಅಪ್ಪ ಅದನ್ನು ತಾವೂ ಮಾಡಿ ತೋರಿಸಿದರು! ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಕಾಗದವನ್ನು ಉದ್ದಕ್ಕೆ ಹರಿದರೆ ಹೇಗೆ, ಅಡ್ಡಕ್ಕೆ ಹರಿದರೆ ಹೇಗೆ ಅಂತ ಹಳೆಯ ಪೇಪರ್ ಹರಿದು ತೋರಿಸುವ ಸದ್ದು ಬಂತು.

ನಾನು ಸೌಟು ಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ನಲವತ್ತು ವರ್ಷ ಈ ಮನೆಯಲ್ಲಿದ್ದು ನಾನು ಆ ಸದ್ದನ್ನು ಕೇಳಿರಲಿಲ್ಲ. ಅವಳ ಬ್ಲಾಗಿನ ಮೇಲಿದ್ದ ಹೊಟ್ಟೆಕಿಚ್ಚು ಒಂದು ಥರ. ಇದು ಬೇರೆ ಥರದ್ದು. ಅವಲಕ್ಕಿಗೆ ಉಪ್ಪು ಎರಡು ಸಲ ಬಿತ್ತು. ಅವಳು ತಟ್ಟೆ ಖಾಲಿ ಮಾಡಿದಳು.

ಅವಳು ಹೋದ ಮೇಲೆ ನನಗೆ ಒಂದೇ ಯೋಚನೆ. ಇದನ್ನು ಅವಳು ಬರೆಯುತ್ತಾಳೆ, ಬರೆದೇ ಬರೆಯುತ್ತಾಳೆ. ಮರುದಿನ ಬೆಳಿಗ್ಗೆಯಿಂದ ಗಂಟೆಗೊಮ್ಮೆ ಅವಳ ಬ್ಲಾಗ್ ತೆರೆದು ನೋಡಿದೆ. ಮಧ್ಯಾಹ್ನದ ಹೊತ್ತಿಗೆ ತಡೆಯಲಾಗಲಿಲ್ಲ. ಅಪ್ಪ ಮಲಗಿದ್ದಾಗ ಕೂತು ನಾನೇ ಬರೆದು ನನ್ನ ಬ್ಲಾಗಿಗೆ ಹಾಕಿಬಿಟ್ಟೆ. ‘ಕಾಗದದ ಮಗಳು’ ಅಂತ ಹೆಸರು. ಬಾಗಿಲ ಹಿಂದೆ ಕೇಳಿದ್ದು ಅರ್ಧ, ಕಲ್ಪಿಸಿಕೊಂಡದ್ದು ಅರ್ಧ. ಅಪ್ಪ ಸಂಜೆ ಮನೆಗೆ ಬಂದಾಗ ಅವರ ಅಂಗಿಯಿಂದ ಬಿದಿರಿನ ಪರಿಮಳ ಬರುತ್ತಿತ್ತು ಅಂತಲೂ ಬರೆದೆ.

ಸಂಜೆ ಅಪ್ಪ ಓದಿದರು. ‘ಹೂಂ’ ಅನ್ನಲಿಲ್ಲ.

“ಪರಿಮಳ ಅಂತ ಯಾರು ಹೇಳಿದ್ದು ನಿಂಗೆ? ಬೇಯೋ ಬಿದಿರಿನ ತಿರುಳಿಗೆ ಎಲ್ಲಿಯ ಪರಿಮಳ? ನಿಮ್ಮಮ್ಮ ಆ ಅಂಗೀನ ಒಳಗೇ ಬಿಡ್ತಿರಲಿಲ್ಲ.”

“ಅದು... ಓದೋರಿಗೆ ಚಂದ ಕಾಣ್ಲಿ ಅಂತ.”

“ಇಲ್ಲಿರೋ ಮನುಷ್ಯ ನಾನಲ್ಲ” ಅಂದು ಫೋನು ವಾಪಸ್ ಕೊಟ್ಟು ವಾಕಿಂಗಿಗೆ ಹೊರಟರು.

ಸ್ವಲ್ಪ ಹೊತ್ತಿಗೆ ಗೆಳತಿಯ ಫೋನು. “ಓದಿದೆ, ಒಳ್ಳೇದು ಮಾಡಿದೆ ಬರೆದು. ಒಂದೇ ಒಂದು. ಹಾಳೆ ಅಡ್ಡಕ್ಕೆ ಹರಿದರೆ ನೇರ ಬರುತ್ತೆ ಅಂತ ಬರೆದಿದ್ದೀಯ, ಅಂಕಲ್ ಹೇಳಿದ್ದು ಉಲ್ಟಾ ಅಲ್ವಾ? ಕಾಗದದ ನಾರು ಹೋಗೋ ದಿಕ್ಕಲ್ಲಿ ಹರಿದರೆ ನೇರ.”

“ನೀನೂ ಬರೀತಿದ್ದೀಯೇನೋ ಅಂದ್ಕೊಂಡೆ” ಅಂದೆ. ದನಿ ನನಗೇ ಗಡುಸಾಗಿ ಕೇಳಿಸಿತು.

“ನಾನಾ? ನನ್ನದು ಕೌದಿ ಕಣೇ. ಕಾಗದದ ಬಗ್ಗೆ ನಾನು ಯಾಕೆ ಬರೀಲಿ?”

“ಮತ್ತೆ ಅಷ್ಟೊಂದು ಕೇಳಿದ್ದು?”

ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ಸುಮ್ನೆ ಕೇಳಿದೆ. ಗೊತ್ತಿರಲಿಲ್ಲ, ಕೇಳಿದೆ” ಅಂದಳು.

ಅವಳು ಕದಿಯಲು ಬಂದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಐಡಿಯಾ ಹುಡುಕುತ್ತಿದ್ದವಳು ನಾನು. ಅವಳು ಮಾತಾಡುತ್ತಿದ್ದಳು ಅಷ್ಟೇ, ಅದರಲ್ಲಿ ಯಾವುದೋ ಒಂದು ಆಮೇಲೆ ಬರಹವಾಗುತ್ತಿತ್ತು. ನನ್ನ ಮನೆಯ ಮಾತನ್ನು ಅವಳು ನನಗಿಂತ ಸರಿಯಾಗಿ ನೆನಪಿಟ್ಟುಕೊಂಡಿದ್ದಳು. ನಾನು ಆ ಬರಹವನ್ನು ತೆಗೆದುಹಾಕಿದೆ.

ಎರಡು ದಿನ ಅಪ್ಪನ ಹತ್ತಿರ ಹೋಗುವುದು ಹೇಗೆಂದು ತಿಳಿಯಲಿಲ್ಲ. ‘ಅಪ್ಪಾ, ನಿಮ್ಮ ಕೆಲಸದ ಬಗ್ಗೆ ಹೇಳಿ’ ಅಂದರೆ ನಾಟಕದ ಮಾತಿನಂತಿರುತ್ತಿತ್ತು. ಕೊನೆಗೆ ನಿಜವಾಗಿಯೂ ಗೊತ್ತಿಲ್ಲದ್ದನ್ನೇ ಕೇಳಿದೆ. ನನ್ನ ದೊಡ್ಡ ಅಳತೆಯ ನೋಟ್‌ಬುಕ್ಕುಗಳು ತೆರೆದಿಟ್ಟರೆ ಚಪ್ಪಟೆಯಾಗಿ ನಿಲ್ಲುತ್ತಿರಲಿಲ್ಲ, ಹಾಳೆಗಳು ಎದ್ದೆದ್ದು ಬರುತ್ತಿದ್ದವು. ನನ್ನ ನೋಟ್‌ಬುಕ್ಕು ಮಾರುವ ಶಿವಮೊಗ್ಗದ ಅಂಗಡಿಯವರು ಎರಡು ಸಲ ಹೇಳಿದ್ದರು. ನಾನು ದಾರ ಬದಲಾಯಿಸಿದ್ದೆ, ಗೋಂದು ಬದಲಾಯಿಸಿದ್ದೆ.

ಒಂದು ನೋಟ್‌ಬುಕ್ಕು ತಂದು ಅವರ ಮುಂದಿಟ್ಟೆ. “ಇದು ಯಾಕೆ ಹೀಗಾಗುತ್ತೆ ಅಪ್ಪ?”

ಅಪ್ಪ ಅದನ್ನು ಮುಟ್ಟಲೂ ಇಲ್ಲ. “ನೀನು ಹಾಳೆ ಮಡಚೋದು ನಾರಿಗೆ ಅಡ್ಡ. ನಾರು ಬೆನ್ನಿನ ಉದ್ದಕ್ಕೇ ಹೋಗ್ಬೇಕು. ಆಗ ತಾನೇ ಬಾಗುತ್ತೆ.”

ಒಂದು ಸಣ್ಣ ಚೂರು ಕತ್ತರಿಸಿ ಒಂದು ಪಕ್ಕಕ್ಕೆ ನೀರು ಸವರಿದರು. ಕಾಗದ ನಿಧಾನವಾಗಿ ಸುರುಳಿಯಾಯಿತು. “ನೋಡು, ಸುರುಳಿ ಕೊಳವೆ ಥರ ಆಯ್ತಲ್ಲ. ಕೊಳವೆ ಯಾವ ಕಡೆ ಉದ್ದವೋ ನಾರೂ ಆ ಕಡೆಗೆ.”

“ಇದು ಯಾವಾಗಿಂದ ಗೊತ್ತು ನಿಮಗೆ?”

“ನೀನು ಮೊದಲನೇ ಬುಕ್ಕು ಮಾಡಿದಾಗಿಂದ.”

“ಮೂರು ವರ್ಷ ಆಯ್ತಲ್ಲ ಅಪ್ಪ! ಹೇಳ್ಬಾರ್ದಾ?”

“ನೀನು ಕೇಳಲಿಲ್ಲವಲ್ಲ. ಓದಿದೋಳು, ಏನೋ ಯೋಚನೆ ಮಾಡಿಯೇ ಮಾಡ್ತಿದ್ದೀಯ ಅಂದ್ಕೊಂಡೆ.”

ಅದನ್ನು ಅವರು ಚುಚ್ಚಿ ಹೇಳಲಿಲ್ಲ. ಹಾಗಾಗಿಯೇ ಹೆಚ್ಚು ಚುಚ್ಚಿತು.

ಆ ವಾರ ನಾನು ಬರೆದ ಬರಹದ ಹೆಸರು ‘ಮೂರು ವರ್ಷ ನಾನು ಹಾಳೆಯನ್ನು ತಪ್ಪಾಗಿ ಮಡಚಿದೆ’. ನೀರು ಸವರಿದ ಚೂರಿನ ಫೋಟೋ ಹಾಕಿದೆ. ಪರಿಮಳ ಗಿರಿಮಳ ಏನೂ ಹಾಕಲಿಲ್ಲ. ಅದಕ್ಕೆ ಅವಳ ಬರಹಗಳಿಗೆ ಬರುವಷ್ಟು ಜನ ಬರಲಿಲ್ಲ. ಆದರೆ ಬಂದವರು ಪ್ರಶ್ನೆ ಕೇಳಿದರು. ಮದುವೆಯ ಕಾರ್ಡು ಯಾಕೆ ಡೊಂಕಾಗುತ್ತದೆ, ಹಳೆಯ ಪುಸ್ತಕ ಯಾಕೆ ಹಳದಿಯಾಗುತ್ತದೆ, ಮಕ್ಕಳ ನೋಟ್‌ಬುಕ್ಕಿನಲ್ಲಿ ಶಾಯಿ ಯಾಕೆ ಹರಡುತ್ತದೆ. ಒಬ್ಬೊಬ್ಬರ ಪ್ರಶ್ನೆಯನ್ನೂ ಅಪ್ಪನಿಗೆ ಓದಿ ಹೇಳಿದೆ. ಕೆಲವಕ್ಕೆ ಅವರು ತಕ್ಷಣ ಉತ್ತರ ಹೇಳಿದರು. ಒಂದೆರಡಕ್ಕೆ ತಮ್ಮ ಜೊತೆ ಕೆಲಸ ಮಾಡುತ್ತಿದ್ದವರನ್ನು ಕೇಳಿಕೊಂಡು ಬರುತ್ತೇನೆಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಐವತ್ತು ವಿಷಯಗಳ ಆ ಪಟ್ಟಿಗಳನ್ನು ಮತ್ತೆ ತೆರೆಯುವ ಅಗತ್ಯ ಬೀಳಲಿಲ್ಲ. ದೊಡ್ಡ ನೋಟ್‌ಬುಕ್ಕು ಈಗ ಮೇಜಿನ ಮೇಲೆ ಚಪ್ಪಟೆಯಾಗಿ ಬಿದ್ದುಕೊಳ್ಳುತ್ತದೆ.

ಹೊಟ್ಟೆಕಿಚ್ಚು ಹೋಯಿತು ಅಂತ ಬರೆದರೆ ಓದುವವರಿಗೆ ಇಷ್ಟವಾಗಬಹುದು. ಹೋಗಿಲ್ಲ. ಗೆಳತಿ ಈಗ ತಿಂಗಳಿಗೊಮ್ಮೆ ಬರುತ್ತಾಳೆ, ಅಪ್ಪ ಬೆಳಿಗ್ಗೆಯೇ ಕ್ಷೌರ ಮಾಡಿಕೊಂಡು ಕಾಯುತ್ತಾರೆ. ನಾನು ನೂರು ಪ್ರಶ್ನೆ ಕೇಳಿದರೂ ಅವರು ನನ್ನೊಬ್ಬಳೆದುರು ಮೆಷಿನ್ನಿನ ಸದ್ದು ಮಾಡಿ ತೋರಿಸಿಲ್ಲ. ಹೋದ ಸಲ ಅವಳು ಬಂದಾಗ ಮಾಡಿದರು. ನಾನು ಆಗ ಅಡುಗೆಮನೆಯಲ್ಲಿರಲಿಲ್ಲ, ಅವರಿಬ್ಬರ ನಡುವಿನ ಕುರ್ಚಿಯಲ್ಲಿ ಕೂತಿದ್ದೆ.