ಲೈಟ್ ಅಂತ ಬರದಿತ್ತು

ಹೆಂಡ್ತಿ ತಂಗಿಗೆ ಸೋಮವಾರ ಮುಂಜಾನೆ ಕನ್ನಡ ಟೈಪಿಂಗ್ ಪರೀಕ್ಷೆ ಇತ್ತು. ಪಾಸಾದ್ರ ಖಾನಾಪುರದಾಗೇ ನೌಕರಿ. ಮನ್ಯಾಗ ಕಂಪ್ಯೂಟರ್ ಇಲ್ಲ, ಐತವಾರ ಕ್ಲಾಸ್ ಬಂದ್. "ಚಿಂತಿ ಬಿಡ್ರಿ, ನಾ ಅದೀನಿ" ಅಂತ ಬೆಳಗಾವ್ಯಾಗ ಕುಂತು ಫೋನಿನಾಗ ದೊಡ್ಡ ದನಿ ತಗದಿದ್ದೆ. ನನ್ನ ಹಂತ್ಯಾಕ ಅಂಗೈಯಷ್ಟು ಹಳೇ ಕಂಪ್ಯೂಟರ್ ಬೋರ್ಡ್ ಇತ್ತು. ಅದಕ್ಕ ಹೊಂದೂ ಆಪರೇಟಿಂಗ್ ಸಿಸ್ಟಮ್ ಮೆಮೊರಿ ಕಾರ್ಡಿಗೆ ತುಂಬಿ ಟೀವಿಗೆ ಹಚ್ಚಿದ್ರ ಮುಗೀತು.

ಇಂಟರ್ನೆಟ್ಟಿನಾಗ ಹೊಂದೂವು ಎರಡಿದ್ವು. ಒಂದರ ಬಾಜೂಕ ಲೈಟ್ ಅಂತ ಬರದಿತ್ತು. ಸಣ್ಣ ಬೋರ್ಡು, ಹಳೇ ಜೀವ, ಹಗೂರಂದೇ ಇರಲಿ ಅಂತ ಶನಿವಾರ ಆಫೀಸಿನಾಗ ಅದನ್ನೇ ತುಂಬಿಕೊಂಡೆ. "ನಮ್ಮ ಟೀವಿಗೆ ಒಮ್ಮೆ ಹಚ್ಚಿ ನೋಡ್ರಿ" ಅಂದ್ಲು ಹೆಂಡ್ತಿ. "ಏ, ನನಗ ಕಲಸಾಕ ಬರ್ತೀಯೇನು?" ಅಂದೆ. ಐತವಾರ ಖಾನಾಪುರದ ರೈಲಿನಾಗ ದೇಸೂರ ದಾಟೂತನಾ ಬಾಜೂದವಗ ಬೋರ್ಡ್ ತೋರ್ಸಿ ಬಡಾಯಿ ಕೊಚ್ಚಿದೆ.

ಮಾವ ಮ್ಯಾಚ್ ಬಿಟ್ಟು ಟೀವಿ ಕೊಟ್ರು. ಬೋರ್ಡ್, ಕೀಬೋರ್ಡ್ ಎರಡೂ ಹಚ್ಚಿದೆ. ಕರೀ ಪರದಿ, ಮೂಲ್ಯಾಗ ಬಿಳೀ ಅಕ್ಷರದಾಗ ಲಾಗಿನ್. ಅಷ್ಟೇ! ಚಿತ್ರ ಇಲ್ಲ, ಮೌಸಿನ ಬಾಣ ಇಲ್ಲ. ಅವನ್ನೆಲ್ಲಾ ತಗದು ಹಗೂರ ಮಾಡಿದ್ದಕ್ಕೇ ಲೈಟ್ ಅಂತಾರಂತ ಆವಾಗ ತಿಳೀತು. ಏನ್ ಒತ್ತಿದ್ರೂ ಒಂದೂ ಕನ್ನಡ ಅಕ್ಷರ ಮೂಡಲಿಲ್ಲ. ಮತ್ತ ತುಂಬಬೇಕಂದ್ರ ಐತವಾರ ಆಫೀಸಿಗೆ ಕೀಲಿ.

"ನಮ್ಮ ಟೀವೀನೇ ಕೆಟ್ಟೈತಿ ಬಿಡ್ರಿ, ಅಳ್ಯಾರು ಏನ್ ಮಾಡ್ಯಾರು?" ಅಂದ್ರು ಅತ್ತಿ.

"ಟೀವಿ ಛಲೋ ಐತ್ರಿ. ತಪ್ಪು ನಂದು" ಅಂದೆ.

"ಛೇ ಛೇ, ಹಂಗ್ಯಾಕ ಅಂತೀರಿ!" ಅಂತ ಮಾವ ಟೀವಿ ಬೆನ್ನಿಗೆ ಎರಡು ಬಡದ್ರು. ಅಳಿಯಂದು ತಪ್ಪು ಅಂತ ಒಪ್ಪೂ ಪದ್ಧತಿನೇ ಆ ಮನ್ಯಾಗಿಲ್ಲ. ಬೈದಿದ್ರ ಪಾಡಿತ್ತು. ನಾಚಿಕಿಲೆ ಮಾರಿ ಎತ್ತಾಕ ಆಗಲಿಲ್ಲ ನನಗ.

ಊಟಕ್ಕ ಕುಂದರಿಸಿ, ಬ್ಯಾಡಬ್ಯಾಡಂದ್ರೂ ಮತ್ತೊಂದು ಚಮಚಾ ಶಿರಾ ಹಾಕಿದ್ರು ಅತ್ತಿ. ಒಳಗಿನ ಖೋಲ್ಯಾಗ ಟಕಟಕ ಸಪ್ಪಳ. ಇಣುಕಿ ನೋಡಿದೆ. ಎಲ್ಲಿಗೂ ಹಚ್ಚದ ಕೀಬೋರ್ಡ್ ತೊಡಿ ಮ್ಯಾಲಿಟ್ಟುಕೊಂಡು, ಗ್ವಾಡಿ ನೋಡಕೋತ, ಆ ಹುಡುಗಿ ಬೆರಳು ಓಡಸಾಕ್ಹತ್ತಿದ್ಲು.

ನನ್ನ ನೋಡಿ ನಕ್ಕಳು. "ನೀವು ಉಣ್ಣಾಕ ಹೋಗ್ರಿ ಮಾಮಾ. ಇದೂ ಪಾಡೈತಿ, ತಪ್ಪು ಬಿದ್ರೂ ಕಾಣೂದಿಲ್ಲ."