ಕತ್ತರಿಯಕ್ಕನ ಎಡಗೈ ಕ್ಯಾಮರಾ

ಸಿದ್ಧ ಉಡುಪು ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಮಾಲೀಕನಿಂದ ಹಿಡಿದು ಗುಂಡಿ ಹಾಕುವವರ ತನಕ ಎಲ್ಲರಿಗೂ ಅವಳು ಕತ್ತರಿಯಕ್ಕ. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಕಾಗದದ ಅಚ್ಚು ಇಟ್ಟು, ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿ ಆಡಿಸುವುದು ಅವಳ ಕೆಲಸ. ಎದುರಿಗೆ ಬಂದವರ ಮುಖ ಅವಳಿಗೆ ಆಮೇಲೆ, ಮೊದಲು ಕಾಣುವುದು ಅವರ ಅಂಗಿಯ ಭುಜದ ಹೊಲಿಗೆ. ಒಮ್ಮೆ ಕಾರ್ಖಾನೆಗೆ ತಪಾಸಣೆಗೆ ಬಂದ ಅಧಿಕಾರಿ ಹೇಗಿದ್ದ ಎಂದು ಯಾರೋ ಕೇಳಿದ್ದಕ್ಕೆ, "ಕಾಲರ್ ಸ್ವಲ್ಪ ಬಲಕ್ಕೆ ಎಳೀತಿತ್ತು" ಅಂದಿದ್ದಳಂತೆ.

ಒಂದು ಬೆಳಿಗ್ಗೆ ಅದೇ ಮೇಜಿನ ಮುಂದೆ ಕತ್ತರಿ ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಏಳಲಿಲ್ಲ. ಪಾರ್ಶ್ವವಾಯು. ಆಸ್ಪತ್ರೆಯಿಂದ ಬಂದ ಮೇಲೆ ಮಾತು ಬೇಗ ತಿರುಗಿತು, ಕಾಲು ಕೂಡ ಎಳೆದುಕೊಂಡಾದರೂ ನಡೆಯುವ ಮಟ್ಟಕ್ಕೆ ಬಂತು. ಬಲಗೈ ಮಾತ್ರ ಹಟ ಹಿಡಿಯಿತು. ಮೈಗೆ ಅಂಟಿಕೊಂಡು ಇತ್ತು ಅಷ್ಟೆ, ಯಾವ ಕೆಲಸಕ್ಕೂ ಒದಗುತ್ತಿರಲಿಲ್ಲ.

ಮದುವೆಯಾಗದೆ ಉಳಿದ ಅವಳಿಗೆ ಇದ್ದದ್ದು ತಂಗಿಯ ಮನೆ. ತಂಗಿ ಶಾಲೆಯೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಅಕ್ಕನ ತಲೆ ಬಾಚಿ, ಕುಪ್ಪಸದ ಕೊಕ್ಕೆ ಹಾಕಿ, ಊಟ ಮುಚ್ಚಿಟ್ಟು ಓಡುತ್ತಿದ್ದಳು. ತಂಗಿಯ ಗಂಡ ನೀರಿನ ಪಂಪು ರಿಪೇರಿ ಮಾಡುವವನು. ಜಗತ್ತಿನ ಯಾವ ತೊಂದರೆಗೂ ಎಲ್ಲೋ ಒಂದು ಯಂತ್ರ ಇದ್ದೇ ಇರುತ್ತದೆ ಎಂದು ನಂಬಿದ ಮನುಷ್ಯ.

ವ್ಯಾಯಾಮ ಮಾಡಿಸಲು ಬರುತ್ತಿದ್ದಾಕೆ, "ದಿನಾ ನಡೀಲೇಬೇಕು, ಮನೆಯೊಳಗಲ್ಲ, ಹೊರಗೆ" ಎಂದು ಕಟ್ಟುನಿಟ್ಟಾಗಿ ಹೇಳಿದ್ದಳು. ಹೀಗಾಗಿ ಕತ್ತರಿಯಕ್ಕ ಮನೆಯ ಹಿಂದಿನ ಬೀದಿಗಳಲ್ಲಿ ನಡೆಯತೊಡಗಿದಳು. ಎರಡೂ ಕಡೆ ಮೂರು ನಾಲ್ಕು ಮಹಡಿಯ ಮನೆಗಳು. ಕಾಲು ಸೋತಾಗ ಗೋಡೆಗೆ ಒರಗಿ ನಿಂತು ಉಸಿರು ಬಿಡುವಳು, ಆಗ ತಲೆ ತಾನಾಗಿ ಮೇಲಕ್ಕೆ ಹೋಗುವುದು. ಮೇಲೆ ಬಾಲ್ಕನಿಗಳು. ಬಾಲ್ಕನಿಗಳ ತುಂಬ ಒಣಗಲು ಹಾಕಿದ ಬಟ್ಟೆ.

ಇಷ್ಟು ವರ್ಷ ಅವಳು ಕತ್ತರಿಸಿದ ಬಟ್ಟೆ ಬಾಗಿಲು ದಾಟಿ ಹೋದ ಮೇಲೆ ಏನಾಗುತ್ತದೆಂದು ನೋಡಿದವಳೇ ಅಲ್ಲ. ಈಗ ನೋಡಿದಳು. ನೂಲಿನ ನೇರ ತಪ್ಪಿಸಿ ಕತ್ತರಿಸಿದ ಪ್ಯಾಂಟು ತಂತಿಯ ಮೇಲೆ ಒಂದು ಕಾಲನ್ನು ಇನ್ನೊಂದಕ್ಕೆ ಸುತ್ತಿಕೊಂಡು ನಿಂತಿತ್ತು. ದುಬಾರಿ ಅಂಗಿಯೊಂದು ಒದ್ದೆಯಾದಾಗ ಗೋಣಿಚೀಲದಂತೆ ಜೋತು ಬಿದ್ದಿದ್ದರೆ, ಪಕ್ಕದಲ್ಲೇ ಬಣ್ಣ ಹೋದ ಹಳೆಯ ಅಂಗಿ ಮಡಿಕೆ ಮುರಿಯದೆ ಠೀವಿಯಿಂದ ತೂಗುತ್ತಿತ್ತು. ಅವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಸಂಜೆ ತಂಗಿಗೆ ಹೇಳಲು ಹೋದಳು.

"ಅಕ್ಕಾ, ನಮ್ಮನೆ ಬಟ್ಟೆ ಒಗೆದು ಹಾಕೋದೇ ನಂಗೆ ಸಾಕಾಗಿದೆ. ಊರವರ ಬಟ್ಟೆ ಕಥೆ ಬೇರೆ ಕೇಳ್ಬೇಕಾ?"

"ನೋಡಿದ್ರೆ ನಿಂಗೇ ಗೊತ್ತಾಗುತ್ತೆ. ಹೇಳಿದ್ರೆ ಗೊತ್ತಾಗಲ್ಲ."

"ಹಾಗಾದ್ರೆ ಫೋಟೋ ತೆಗೆದು ತೋರ್ಸು" ಎಂದು ತಂಗಿ ಮಾತು ಮುಗಿಸಲೆಂದು ಅಂದಳು. ಕತ್ತರಿಯಕ್ಕ ಅದನ್ನು ನಿಜವೆಂದೇ ಹಿಡಿದಳು.

ಮೊದಲು ಕೈಗೆತ್ತಿಕೊಂಡದ್ದು ತನ್ನ ಫೋನನ್ನೇ. ಎಡಗೈಯಲ್ಲಿ ಹಿಡಿದು ಅದೇ ಕೈಯ ಹೆಬ್ಬೆರಳಿನಿಂದ ಒತ್ತಲು ಹೋದರೆ ಫೋನು ಸಾಬೂನಿನಂತೆ ಜಾರುತ್ತಿತ್ತು. ಬಿಸಿಲಿನಲ್ಲಿ ಪರದೆ ತುಂಬ ಅವಳದೇ ಮುಖ. ಹೇಗೋ ತೆಗೆದ ಚಿತ್ರದಲ್ಲಿ ಮೂರನೇ ಮಹಡಿಯ ಅಂಗಿ ಸಾಸಿವೆಯಷ್ಟಾಗಿತ್ತು, ದೊಡ್ಡದು ಮಾಡಿದರೆ ಕಲಸಿಹೋಗುತ್ತಿತ್ತು. ಎರಡನೆಯ ಸಲ ಫೋನು ಕಲ್ಲಿನ ಮೇಲೆ ಬಿದ್ದು ಗಾಜು ಬಿರುಕು ಬಿಟ್ಟಿತು.

ವಿಷಯ ತಂಗಿಯ ಗಂಡನ ಕಿವಿಗೆ ಬಿದ್ದದ್ದೇ ತಡ, ಅವನು ಸೊಂಟ ಕಟ್ಟಿ ನಿಂತ. "ಫೋನಿನಲ್ಲಿ ಆಗೋ ಕೆಲಸ ಅಲ್ಲ ಅತ್ತಿಗೆ ಇದು. ನಾನು ತರ್ತೀನಿ ನೋಡಿ" ಎಂದು, ಮದುವೆ ಫೋಟೋ ತೆಗೆಯುವ ಗೆಳೆಯನಿಂದ ದೊಡ್ಡ ಕ್ಯಾಮರಾ ಎರವಲು ತಂದ. ಮುಂದೆ ಮೊಳದುದ್ದದ ಲೆನ್ಸು. "ಇದೇ ಅತ್ತಿಗೆ, ಇದೇ!"

ಕೊರಳಿಗೆ ಹಾಕಿದೊಡನೆ ಅವಳು ಅದರ ಭಾರಕ್ಕೆ ಮುಂದಕ್ಕೆ ಬಾಗಿದಳು. ಹಿಡಿಯುವ ಉಬ್ಬು ಬಲಕ್ಕೆ, ಒತ್ತುವ ಗುಂಡಿ ಬಲಕ್ಕೆ, ಇರುವ ತಿರುಗಣೆಯೆಲ್ಲ ಬಲಕ್ಕೆ. ಎಡಗೈಯನ್ನು ಮೇಲಿನಿಂದ ಸುತ್ತಿಸಿ ಗುಂಡಿ ಮುಟ್ಟಿದರೆ ಕೆಳಗೆ ಹಿಡಿಯಲು ಕೈಯಿಲ್ಲ. ಕೆಳಗೆ ಹಿಡಿದರೆ ಗುಂಡಿ ಒತ್ತಲು ಬೆರಳಿಲ್ಲ. ಗಲ್ಲದಿಂದ ಒತ್ತಿ ನೋಡಿದಳು. ಒತ್ತಿತು, ಆದರೆ ಆ ಹೊತ್ತಿಗೆ ಕಣ್ಣು ಆಕಾಶ ನೋಡುತ್ತಿತ್ತು, ಲೆನ್ಸು ಚರಂಡಿ ನೋಡುತ್ತಿತ್ತು. ಎರಡು ದಿನ ಕತ್ತು ಹಿಡಿದುಕೊಂಡು ಓಡಾಡಿದ ಮೇಲೆ ಅದು ಬಂದ ದಾರಿಯಲ್ಲೇ ಮರಳಿತು.

ಮುಂದಿನದು ಬೆಂಕಿಪೊಟ್ಟಣದಷ್ಟು ಪುಟ್ಟದು. ಸೈಕಲ್ ಸವಾರರು ಎದೆಗೆ ಕಟ್ಟಿಕೊಳ್ಳುವಂಥದ್ದು. "ಕೈಯೇ ಬೇಡ! ತನ್ನಷ್ಟಕ್ಕೆ ತಾನೇ ತೆಗೀತಾ ಹೋಗುತ್ತೆ. ಇದೇ ಅತ್ತಿಗೆ!" ಎಂದು ಅವನೇ ಪಟ್ಟಿ ಬಿಗಿದು ಕಳಿಸಿದ. ಅದು ತನ್ನ ಮಾತು ಉಳಿಸಿಕೊಂಡಿತು, ತೆಗೆಯುತ್ತಲೇ ಹೋಯಿತು. ಸಂಜೆ ಟಿವಿಯಲ್ಲಿ ಹಾಕಿ ನೋಡಿದರೆ ಎಣಿಸಲಾಗದಷ್ಟು ಚಿತ್ರಗಳು: ಕಾಂಪೌಂಡ್ ಗೋಡೆ, ನಿಲ್ಲಿಸಿದ ಕಾರಿನ ಚಕ್ರ, ಅವಳನ್ನೇ ಅನುಮಾನದಿಂದ ನೋಡುವ ನಾಯಿ, ಮತ್ತೆ ಗೋಡೆ. ಮೇಲಿನ ಬಾಲ್ಕನಿಗಳು ಬಂದ ಕಡೆ ಕಟ್ಟಡವೇ ಗರ್ಭಿಣಿಯಂತೆ ಉಬ್ಬಿತ್ತು. ತಂಗಿಯ ಗಂಡ ಸ್ವಲ್ಪ ಹೊತ್ತು ನೋಡಿ, "ನಾಯಿ ಚೆನ್ನಾಗಿ ಬಂದಿದೆ" ಅಂದ.

ತಂಗಿಗೆ ತಾಳ್ಮೆ ತಪ್ಪಿತು. "ವ್ಯಾಯಾಮಕ್ಕೆ ಅಂತ ಕಳಿಸಿದ್ರೆ ಇವಳು ನಿಂತು ನಿಂತು ಅಂಗಿ ನೋಡ್ತಾಳಂತೆ. ನೀವು ಬೇರೆ ತಾಳ ಹಾಕಿ. ಬೀದೀಲಿ ಬಿದ್ದು ಇನ್ನೊಂದು ಕೈ ಮುರ್ಕೊಂಡ್ರೆ ನೋಡೋರು ಯಾರು? ನಾನೇ ತಾನೆ?"

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕತ್ತರಿಯಕ್ಕ ಎದೆಯ ಪಟ್ಟಿ ಬಿಚ್ಚಿಕೊಳ್ಳಲು ಹೋದಳು, ಅದರ ಕೊಂಡಿಯೂ ಎರಡು ಕೈ ಕೇಳುವಂಥದ್ದು. ತಂಗಿಯೇ ಬಂದು ಬಿಚ್ಚಬೇಕಾಯಿತು. ಬಿಚ್ಚುವಾಗ ಅಕ್ಕನ ಮುಖ ನೋಡಲಿಲ್ಲ.

ಸುಮಾರು ದಿನ ಕ್ಯಾಮರಾದ ಸುದ್ದಿ ಮನೆಯಲ್ಲಿ ಬರಲಿಲ್ಲ. ಕತ್ತರಿಯಕ್ಕ ನಡೆಯಲು ಹೋಗುತ್ತಿದ್ದಳು, ತಲೆ ತಗ್ಗಿಸಿ ಬರುತ್ತಿದ್ದಳು. ಊಟದಲ್ಲಿ ರುಚಿ ಹೋಯಿತು. ಬಲಗೈಯ ವ್ಯಾಯಾಮ ಮಾಡಿಸಲು ಬಂದಾಕೆಗೆ, "ಇದರ ಹಿಂದೆ ಯಾಕೆ ಬಿದ್ದಿದ್ದೀರಿ, ಬಿಟ್ಟುಬಿಡಿ" ಎಂದಳಂತೆ. ಆ ಮಾತು ತಂಗಿಯವರೆಗೆ ಹೋಯಿತು. ರಜೆಯ ದಿನ ಬಂದೊಡನೆ ತಂಗಿ ತಾನೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು. "ಏಳು ಅಕ್ಕಾ. ಹಳೇ ಕ್ಯಾಮರಾ ಮಾರೋ ಅಂಗಡಿ ಒಂದಿದೆಯಂತೆ. ಇವರು ತಂದದ್ದು ಸಾಕು, ನೀನೇ ಕೈಯಲ್ಲಿ ಹಿಡಿದು ನೋಡು."

ಅಂಗಡಿ ಇಕ್ಕಟ್ಟಾದದ್ದು. ಗಾಜಿನ ಬೀರುಗಳಲ್ಲಿ ಕ್ಯಾಮರಾಗಳು ಸಾಲಾಗಿ ಕಣ್ಣು ಬಿಟ್ಟು ಕುಳಿತಿದ್ದವು. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಅಂಗಡಿಯಾಕೆ ಬಲಗೈಯನ್ನು ನೋಡಿದಳು, ಏನಾಯಿತೆಂದು ಕೇಳಲಿಲ್ಲ. ಕತ್ತರಿಯಕ್ಕನಿಗೆ ಅಷ್ಟಕ್ಕೇ ಜೀವ ಹಗುರವಾಯಿತು.

"ಎಡಗೈಯವರ ಕ್ಯಾಮರಾ ಇದೆಯೇನಮ್ಮಾ?"

"ನಾನಂತೂ ಮಾರಿಲ್ಲ. ಎಡಗೈ ಕತ್ತರಿ ಮಾಡ್ತಾರೆ, ಎಡಗೈ ಕ್ಯಾಮರಾ ಯಾಕೆ ಮಾಡಲ್ವೋ! ನೀವು ಒಂದೊಂದಾಗಿ ಹಿಡಿದು ನೋಡಿ. ಅವಸರ ಇಲ್ಲ, ನಂಗೂ ಬೇರೆ ಗಿರಾಕಿ ಇಲ್ಲ."

ಹಗುರದ್ದು ಹಿಡಿದರೆ ಕೈ ನಡುಗಿದಾಗ ಅದೂ ನಡುಗಿತು. ಪರದೆ ಮುಟ್ಟಿ ತೆಗೆಯುವಂಥದ್ದು ಮತ್ತೆ ಫೋನಿನ ಜಾತಿಗೇ ಸೇರಿತು. ಕೊನೆಗೆ, ದಪ್ಪ ರಬ್ಬರಿನ ಹಿಡಿಯ, ದೂರದ್ದನ್ನು ಹತ್ತಿರ ತರುವ ಒಂದು ಹಳೆಯ ಕ್ಯಾಮರಾ ಉಳಿಯಿತು. ಅದರ ಹಿಡಿಯೂ ಬಲಕ್ಕೇ. ಆದರೆ ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದಾಗ ಎದುರಿನ ಕಟ್ಟಡದ ಮೇಲಿನ ಟವೆಲ್ಲಿನ ಅಂಚು, ಅಂಚಿನಿಂದ ಬಿಟ್ಟ ದಾರ ಕೂಡ ಕಂಡಿತು. "ಒಗ್ಗದಿದ್ರೆ ವಾಪಸ್ ತನ್ನಿ" ಎಂದಳು ಅಂಗಡಿಯಾಕೆ.

ಮೂರು ದಿನ ಅದೂ ಒಗ್ಗಲಿಲ್ಲ. ನಾಲ್ಕನೆಯ ದಿನ ಕತ್ತರಿಯಕ್ಕ ಅದನ್ನು ಹೆಗಲ ಚೀಲದಲ್ಲಿ ಹಾಕಿಕೊಂಡು, ನಡಿಗೆ ಮುಗಿಸಿ ಹಾಗೇ ಅಂಗಡಿಗೆ ಹಿಂತಿರುಗಿಸಿ ಬರೋಣವೆಂದು ಹೊರಟಳು. ಅರ್ಧ ದಾರಿಯಲ್ಲಿ, ಎರಡನೆಯ ಮಹಡಿಯಲ್ಲಿ, ಒಂದು ದೊಡ್ಡ ಬಿಳಿ ಹೊದಿಕೆ ಗಾಳಿ ತುಂಬಿಕೊಂಡು ಬಾಲ್ಕನಿಯಿಂದ ಆಚೆಗೆ ಉಬ್ಬಿ ನಿಂತಿತ್ತು. ಈ ಕ್ಷಣ ಇದ್ದದ್ದು ಇನ್ನೊಂದು ಕ್ಷಣಕ್ಕಿರುವುದಿಲ್ಲ. ಎಡಗೈ ಚೀಲಕ್ಕೆ ಹಾಕಿ, ಕ್ಯಾಮರಾ ಹೇಗೆ ಸಿಕ್ಕಿತೋ ಹಾಗೇ ಎಳೆದಳು. ಅದು ಚೀಲದಲ್ಲಿ ಬುಡಮೇಲಾಗಿ ಮಲಗಿತ್ತು. ರಬ್ಬರಿನ ಹಿಡಿ ಎಡ ಅಂಗೈಯೊಳಗೆ ಬಂದು ಕೂತಿತು. ನಾಲ್ಕು ಬೆರಳು ಅದನ್ನು ತಬ್ಬಿದವು, ಹೆಬ್ಬೆರಳು ಅಡಿಯಿಂದ ನೇರ ಗುಂಡಿಯ ಮೇಲೆ ಹೋಯಿತು. ಎತ್ತಿ ಕಣ್ಣೆದುರು ಹಿಡಿದಳು. ಪರದೆಯ ಮೇಲೆ ಹೊದಿಕೆ ನೆಟ್ಟಗೇ ಕಂಡಿತು, ಮೂಲೆಯ ಅಂಕಿಗಳು ಮಾತ್ರ ಬಾವಲಿಗಳಂತೆ ತಲೆಕೆಳಗಾಗಿ ತೂಗುತ್ತಿದ್ದವು. ಅಂಕಿ ಯಾರಿಗೆ ಬೇಕು? ಹೆಬ್ಬೆರಳು ಒತ್ತಿದಳು.

ಇನ್ನೊಮ್ಮೆ ಒತ್ತಿದಳು. ಹೊದಿಕೆ ಇಳಿದುಹೋಗಿದ್ದರೂ ಸುಮ್ಮನೆ ಒತ್ತಿದಳು. ಗುಂಡಿಯ ಸುತ್ತಲಿನ ಬಳೆಯನ್ನು ಅದೇ ಹೆಬ್ಬೆರಳಿನಿಂದ ಸರಿಸಿದಾಗ ದೂರದ ಅಂಗಿ ಹತ್ತಿರ ಬಂತು. ಅಂಗಡಿಗೆ ಹೋಗುವ ದಾರಿ ಬಿಟ್ಟು ಹಿಂದಿನ ಬೀದಿಗೆ ತಿರುಗಿದಳು.

ಅಲ್ಲಿ ಮೂರನೇ ಮಹಡಿಯಿಂದ ಕೂಗು ಬಂತು. "ಏಯ್! ಏನ್ರೀ ಅದು ಫೋಟೋ? ಯಾರ್ರೀ ನೀವು?" ಎಂದವಳು ಉತ್ತರಕ್ಕೆ ಕಾಯದೆ ದಡದಡ ಕೆಳಗಿಳಿದು ಬಂದೇಬಿಟ್ಟಳು. ಕೈಯಲ್ಲಿ ಬಟ್ಟೆಗೆ ಹಾಕುವ ಕ್ಲಿಪ್ಪುಗಳು ಹಾಗೇ ಇದ್ದವು.

ಕತ್ತರಿಯಕ್ಕನಿಗೆ ಗಾಬರಿಯಲ್ಲಿ ಕ್ಷಮೆ ಕೇಳುವುದು ನೆನಪಾಗಲಿಲ್ಲ. "ಆ ನೀಲಿ ಅಂಗಿ ನಿಮ್ಮ ಯಜಮಾನರದ್ದಾ? ಹಾಕ್ಕೊಂಡ್ರೆ ಎಡ ತೋಳು ಹಿಂದಕ್ಕೆ ಎಳೆಯುತ್ತೆ ಅಲ್ವಾ?"

ಆಕೆ ತಿರುಗಿ ತನ್ನ ಬಾಲ್ಕನಿಯ ಕಡೆ ನೋಡಿದಳು. "ನಿಮಗೆ ಹೇಗೆ ಗೊತ್ತು?"

"ತೋಳನ್ನ ಓರೆಯಾಗಿ ಕತ್ತರಿಸಿದ್ದಾರೆ. ಒದ್ದೆ ಇದ್ದಾಗ ಅದು ಎದ್ದು ಕಾಣುತ್ತೆ, ನೋಡಿ."

"ಅಯ್ಯೋ, ನಾನೇ ಒಗೆದು ಕೆಡಿಸಿದೆ ಅಂತ ದಿನಾ ಬೈಸ್ಕೋತಿದ್ದೀನಲ್ಲ! ಆ ಫೋಟೋ ನಂಗೆ ಕೊಡ್ತೀರಾ? ಇವತ್ತು ಬರ್ಲಿ ಅವರು!" ಸಿಟ್ಟು ಅಂಗಿಯ ಯಜಮಾನನ ಕಡೆಗೆ ವರ್ಗವಾಯಿತು. ಒಳಉಡುಪಿನ ಸಾಲಿನ ಕಡೆ ಮಾತ್ರ ಲೆನ್ಸು ತಿರುಗಿಸಬಾರದೆಂದು ಆಕೆ ಷರತ್ತು ಹಾಕಿದಳು. ಕತ್ತರಿಯಕ್ಕ ಒಪ್ಪಿದಳು. ಅವಳಿಗೂ ಅದರಲ್ಲಿ ನೋಡುವಂಥ ಕತ್ತರಿ ಕೆಲಸವೇನೂ ಕಂಡಿರಲಿಲ್ಲ.

ಸಂಜೆ ತಂಗಿಯ ಗಂಡ ಚಿತ್ರಗಳನ್ನು ಟಿವಿಗೆ ಹಾಕಿದ. ಎಲ್ಲವೂ ತಲೆಕೆಳಗು. "ತಡೀರಿ ಅತ್ತಿಗೆ, ತಿರುಗಿಸ್ತೀನಿ" ಎಂದು ರಿಮೋಟು ಹುಡುಕತೊಡಗಿದ. ಅಷ್ಟರಲ್ಲಿ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದ ತಂಗಿ ಟಿವಿಯ ಮುಂದೆ ನಿಂತುಬಿಟ್ಟಳು.

"ಇವರೆಲ್ಲ ಯಾಕೆ ಕೈ ಎತ್ತಿದ್ದಾರೆ?"

ಅಂಗಿಗಳನ್ನು ಎಲ್ಲರೂ ಕೆಳ ಅಂಚಿಗೆ ಕ್ಲಿಪ್ಪು ಹಾಕಿ ತೂಗುಬಿಟ್ಟಿರುತ್ತಾರೆ, ತೋಳುಗಳು ನೆಲದ ಕಡೆ ಇಳಿಬಿದ್ದಿರುತ್ತವೆ. ಟಿವಿಯಲ್ಲಿ ಅವು ನೆಟ್ಟಗೆ ನಿಂತು, ಎರಡೂ ತೋಳುಗಳನ್ನು ಆಕಾಶಕ್ಕೆ ಎತ್ತಿದ್ದವು. ಚೌಕಳಿ ಅಂಗಿ, ಶಾಲೆಯ ಮಕ್ಕಳ ಬಿಳಿ ಅಂಗಿಗಳ ಸಾಲು, ಯಾರದೋ ಡೊಳ್ಳುಹೊಟ್ಟೆಯ ಅಗಲವಾದ ಅಂಗಿ, ಎಲ್ಲರೂ ಏನೋ ಗೆದ್ದವರಂತೆ. ತಂಗಿಗೆ ನಗು ತಡೆಯಲಾಗಲಿಲ್ಲ. ಸೋಫಾದ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಆ ದಪ್ಪಗಿನವನನ್ನ ನೋಡಕ್ಕಾ! ಸಂಬಳ ಜಾಸ್ತಿ ಆಗಿದೆ ಅವನಿಗೆ!" ಅವಳು ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು. ರಿಮೋಟು ಸಿಕ್ಕಿದ್ದರೂ ಅವಳ ಗಂಡ ಅದನ್ನು ಒತ್ತಲಿಲ್ಲ.

ಆಮೇಲಿನ ತೊಂದರೆ ಪಟ್ಟಿಯದು. ಕ್ಯಾಮರಾದ ಜೊತೆ ಬಂದಿದ್ದ ಕೊರಳಪಟ್ಟಿ ಬುಡಮೇಲು ಹಿಡಿದಾಗ ಲೆನ್ಸಿನ ಮುಂದೆ ಬಂದು ಬೀಳುತ್ತಿತ್ತು. ಅಂಗೈಯ ಹಿಂಭಾಗವನ್ನು ಸುತ್ತಿ ಹಿಡಿಯುವ ಅಗಲವಾದ ಪಟ್ಟಿಯೊಂದನ್ನು ಕತ್ತರಿಯಕ್ಕ ಕಾಗದದ ಮೇಲೆ ಎಡಗೈಯಲ್ಲೇ ಬರೆದಳು, ಹಳೆಯ ಜೀನ್ಸ್ ಬಟ್ಟೆಯನ್ನು ಹೊಸದಾಗಿ ತರಿಸಿಕೊಂಡ ಎಡಗೈ ಕತ್ತರಿಯಲ್ಲೇ ಕತ್ತರಿಸಿದಳು. ಮೊದಲ ಎರಡು ಪಟ್ಟಿಗಳು ಹಲ್ಲಿನಿಂದ ಕಚ್ಚಿ ಹರಿದಂತೆ ಆದವು. ಮೂರನೆಯದನ್ನು ತಂಗಿ ಹೊಲಿದುಕೊಟ್ಟಳು. ಹೊಲಿಗೆ ಸೊಟ್ಟಗಿತ್ತು, ಕತ್ತರಿಯಕ್ಕ ಅದನ್ನೇ ಕೈಗೆ ಏರಿಸಿಕೊಂಡು ಬೀದಿಗೆ ಹೊರಟಳು.

ಬಲಗೈ ಈಗ ಬಾಗಿಲ ಚಿಲಕ ಸರಿಸುವಷ್ಟು ಸುಧಾರಿಸಿದೆ, ಕತ್ತರಿ ಹಿಡಿಯುವಷ್ಟು ಅಲ್ಲ. ಕಾರ್ಖಾನೆಯಲ್ಲಿ ಅವಳ ಮೇಜಿಗೆ ಬೇರೆಯವರು ಬಂದಿದ್ದಾರೆ. ಕೆಲವೊಮ್ಮೆ ಅವರು ಮನೆಗೆ ಬಂದು ಟಿವಿಯ ಮುಂದೆ ಕುಳಿತು, ತಾವು ಕತ್ತರಿಸುವಂಥ ಬಟ್ಟೆ ಒದ್ದೆಯಾದಾಗ ಹೇಗೆ ಇಳಿಬೀಳುತ್ತದೆಂದು ನೋಡಿಕೊಂಡು ಹೋಗುತ್ತಾರೆ. ಅವರಿಗೆ ತೋರಿಸಬೇಕಾದ ಚಿತ್ರಗಳನ್ನು ಅವಳು ನೆಟ್ಟಗೆ ಮಾಡಿ ಇಡುತ್ತಾಳೆ. ಬಿಸಿಲಿದ್ದರೆ ಅವಳು ಬೀದಿಯಲ್ಲಿ, ಮೋಡ ಕವಿದರೆ ಮನೆಯಲ್ಲಿ. ಮನೆಯಲ್ಲಿದ್ದ ದಿನ ಯಾವ ಚಿತ್ರ ತಿರುಗಿಸಬೇಕು, ಯಾವುದನ್ನು ಹಾಗೇ ಬಿಡಬೇಕು ಎಂಬುದೇ ಒಂದು ಕೆಲಸ. ಮಕ್ಕಳ ಅಂಗಿಗಳನ್ನು ಮಾತ್ರ ಅವಳು ಯಾವಾಗಲೂ ಕೈ ಎತ್ತಿದ ಹಾಗೇ ಬಿಡುತ್ತಾಳೆ.